ಬೀಗರ ಬಿಯರೂ ಸಣ್ಣ ಉರಿಯೂ

ಅಂಗಡಿಯ ತರಕಾರಿ ಸಾಲಿನ ಕೊನೆಯಲ್ಲಿ, ಎರಡೆರಡರಂತೆ ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಮಲಗಿಸಿದ ಜೋಳದ ತೆನೆಗಳು ಕಂಡರೆ ಸಾಕು, ನನ್ನ ಹೆಂಡತಿ ಸರೋಜ ತಳ್ಳುಗಾಡಿಯ ವೇಗ ಹೆಚ್ಚಿಸುತ್ತಾಳೆ. "ಬನ್ನಿ ಬನ್ನಿ, ಅದನ್ನ ನೋಡ್ತಾ ನಿಂತ್ಕೋಬೇಡಿ. ಒಂದು ಸಲ ಹೊಗಳಿದ್ದೇ ಸಾಕಾಗಿದೆ" ಎನ್ನುತ್ತಾಳೆ. ಸ್ವೀಡನ್ನಿನ ಅಂಗಡಿಗಳಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲವಾದ್ದರಿಂದ ಅವಳ ಈ ಮಾತು ಹಾಲಿನ ಸಾಲಿನವರೆಗೂ ಕೇಳಿಸುತ್ತದೆ. ಪುಣ್ಯಕ್ಕೆ ಅಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ. ನಾನು ತೆನೆಯನ್ನು ಅಲ್ಲೇ ಇಟ್ಟು, ಕದ್ದು ಸಿಕ್ಕಿಬಿದ್ದವನ ಹಾಗೆ ಹಿಂದೆ ಹೋಗುತ್ತೇನೆ. ಮಗಳ ಮದುವೆಯಾಗಿ ವರ್ಷ ಕಳೆದರೂ ನನ್ನ ಮೇಲಿನ ಈ ನಿಗಾ ತಪ್ಪಿಲ್ಲ.

ಜೋಳವೆಂದರೆ ರೊಟ್ಟಿಯ ಜೋಳವಲ್ಲ, ಮುಸುಕಿನ ಜೋಳ. ನಾನು ಹುಟ್ಟಿ ಬೆಳೆದದ್ದು ತಿಪಟೂರಿನಲ್ಲಿ. ಅಲ್ಲಿ ಅಜ್ಜಿಯ ಮನೆಯ ಬಚ್ಚಲಲ್ಲಿ ಒಂದು ತಾಮ್ರದ ಹಂಡೆ, ಅದರ ಕೆಳಗೊಂದು ಒಲೆ. ತೆಂಗಿನ ಸೀಮೆಯಲ್ಲವೇ, ಗರಿ, ಮಟ್ಟೆ, ಚಿಪ್ಪಿಗೆ ಬರವಿಲ್ಲ. ಆ ಒಲೆಗೆ ಬೀಳದ ವಸ್ತುವೇ ಇರಲಿಲ್ಲ. ಮುರಿದ ಮಣೆ, ಹರಿದ ಚಾಪೆ, ಒಮ್ಮೆ ನನ್ನ ಗಣಿತದ ಉತ್ತರಪತ್ರಿಕೆ ಕೂಡ. ಅದನ್ನು ಹಾಕಿದವನು ನಾನೇ, ಆದರೆ ಅದು ಚೆನ್ನಾಗಿ ಉರಿಯಿತು ಎಂದು ಅಜ್ಜಿ ಮೆಚ್ಚಿದಳು. ಮನೆಮಂದಿಯ ಸ್ನಾನವೆಲ್ಲ ಮುಗಿದು ಹಂಡೆಯ ನೀರು ತಳಕಂಡ ಮೇಲೆ, ಉಳಿದ ಕೆಂಡದ ಮೇಲೊಂದು ಅಲ್ಯೂಮಿನಿಯಂ ಪಾತ್ರೆ ಇಟ್ಟು ಅಜ್ಜಿ ಜೋಳ ಬೇಯಿಸುತ್ತಿದ್ದಳು. ಆ ಹಬೆಯ ವಾಸನೆ ಬಚ್ಚಲು ದಾಟಿ, ನಡುಮನೆ ದಾಟಿ, ಬೀದಿಗೆ ಹೋಗಿ ನನ್ನನ್ನು ಆಟದಿಂದ ಎಳೆದು ತರುತ್ತಿತ್ತು.

ನನಗೆ ಬಂದಿರುವ ಕನ್ನಡದಲ್ಲಿ ಅರ್ಧ ಆ ಒಲೆಯ ಮುಂದೆ ಕಲಿತದ್ದು. ಉಳಿದರ್ಧ, ಸ್ನಾನದ ಸರದಿಗಾಗಿ ಹೆಗಲ ಮೇಲೆ ಟವೆಲು ಹಾಕಿಕೊಂಡು ಜಗಳವಾಡುತ್ತಿದ್ದ ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆಯರಿಂದ ಬಂತು. ಅಜ್ಜಿ ಬೆಂಕಿಯನ್ನು ಮನುಷ್ಯರನ್ನು ಮಾತಾಡಿಸುವಂತೆಯೇ ಮಾತಾಡಿಸುತ್ತಿದ್ದಳು. "ಏಳೋ ಸೋಮಾರಿ, ನಿನ್ನ ಕಾಯ್ತಾ ಊರೇ ಕೂತಿದೆ" ಎಂದು ಊದುಕೊಳವೆಯಲ್ಲಿ ಎಬ್ಬಿಸುವಳು. "ಅಯ್ಯೋ, ಮುನಿಸಿಕೊಂಡಿದೆ ಕಣೋ, ಹಸಿ ಸೌದೆ ಯಾರು ಹಾಕಿದ್ದು?" ಎಂದು ಸಮಾಧಾನಪಡಿಸುವಳು. "ಉರಿ ಪಾತ್ರೆಯ ತಳ ನೆಕ್ಕಬೇಕು, ಕಿವಿ ಕಚ್ಚಬಾರದು" ಎಂಬುದು ಅವಳ ಶಾಸ್ತ್ರದ ಮೊದಲ ಸೂತ್ರ. ಈಗ ಮೋಲ್ನ್‌ಡಾಲ್ ಎಂಬ ಸ್ವೀಡನ್ನಿನ ಊರಿನಲ್ಲಿ ಔಷಧ ಸಂಶೋಧನೆಯ ಕೆಲಸ ಮಾಡುತ್ತೇನೆ. ಶಾಖದ ವಿಷಯದಲ್ಲಿ ಅದಕ್ಕಿಂತ ಖಚಿತವಾದ ಮಾತನ್ನು ನಮ್ಮ ಪ್ರಯೋಗಾಲಯದಲ್ಲಿ ಯಾರೂ ಹೇಳಿದ್ದು ಕೇಳಿಲ್ಲ.

ಅಂಥ ಒಲೆಯ ಮುಂದೆ ಬೆಳೆದವನು ಬಂದು ಸೇರಿದ್ದು ಬೆಂಕಿಯೇ ಇಲ್ಲದ ಅಡುಗೆಮನೆಗಳ ದೇಶಕ್ಕೆ. ಇಲ್ಲಿ ಒಲೆಯೆಂದರೆ ಕರೆಂಟಿನಿಂದ ಕಾಯುವ ಕರಿಯ ಗಾಜು. ಅದರೊಳಗೆ ಒಂದು ಕೆಂಪು ಬಳೆ ಮೂಡುತ್ತದೆ, ಆರುತ್ತದೆ, ಮತ್ತೆ ಮೂಡುತ್ತದೆ. ಕೋಪ ಬಂದೂ ಬಾಯಿಬಿಟ್ಟು ಹೇಳದವರ ಮುಖದ ಹಾಗೆ. ಬದನೆಕಾಯಿ ಸುಡಲು, ಹಪ್ಪಳ ಸುಡಲು ಒಂದು ಜ್ವಾಲೆಯಿಲ್ಲದೆ ಎಷ್ಟೋ ವರ್ಷ ಕಳೆದೆವು. ಗ್ಯಾಸೆಂಬುದು ಈ ಪಶ್ಚಿಮ ತೀರದ ಕೆಲವು ಹಳೆಯ ಬೀದಿಗಳಿಗೆ ಮಾತ್ರ ನೆಲದಡಿಯ ಪೈಪಿನಲ್ಲಿ ಬರುತ್ತದೆ ಎಂದು ಕೇಳಿದ್ದೆನೇ ಹೊರತು ಕಂಡಿರಲಿಲ್ಲ.

ಕಂಡದ್ದು ಬೀಗರ ಮನೆಯಲ್ಲಿ.

ನಮ್ಮ ಮಗಳು ಚಿನ್ಮಯಿ ಯೋಹಾನ್ ಎಂಬ ಹುಡುಗನನ್ನು ಮೆಚ್ಚಿದ್ದಳು. ಮೆಚ್ಚಿದ್ದಷ್ಟೇ ಅಲ್ಲ, ಅವರಿಬ್ಬರೂ ಆಗಲೇ ಬೇರೆ ಮನೆ ಮಾಡಿಕೊಂಡು ಇದ್ದರು. ಮದುವೆಯಿಲ್ಲದೆ ಹಾಗೆ ಒಟ್ಟಿಗಿರುವುದಕ್ಕೆ ಇಲ್ಲಿ ಸಾಂಬೊ ಎನ್ನುತ್ತಾರೆ. ನಮ್ಮ ದೊಡ್ಡಪ್ಪ ಬದುಕಿದ್ದರೆ ಅದಕ್ಕೆ ಏನೆನ್ನುತ್ತಿದ್ದರೋ ನನಗೆ ಗೊತ್ತು, ಇಲ್ಲಿ ಬರೆಯುವಂಥದ್ದಲ್ಲ. ಕೊನೆಗೂ ಅವರು ಜೂನ್ ತಿಂಗಳಲ್ಲಿ ಮದುವೆಯಾಗುತ್ತೇವೆ ಎಂದಾಗ ನಾವಿಬ್ಬರೂ ಹಗುರಾಗಿ, ವಿಧಿವತ್ತಾಗಿ ತಾಂಬೂಲ, ಹಣ್ಣು, ಒಂದು ಡಬ್ಬಿ ಹಾಗಲಕಾಯಿ ಗೊಜ್ಜು ತೆಗೆದುಕೊಂಡು, ಮಗಳನ್ನೂ ಕಾರಿನಲ್ಲಿ ಕೂರಿಸಿಕೊಂಡು ಗಂಡಿನ ಮನೆಗೆ ಹೊರಟೆವು. ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿ ದೊಡ್ಡಪ್ಪನ ಮಾತು: "ಹೆಣ್ಣಿನ ಕಡೆಯವನು ಬೀಗರ ಮನೇಲಿ ಉಪ್ಪಿಲ್ಲದ ಸಾರನ್ನೂ ಅಮೃತ ಅಂತಲೇ ಉಣ್ಣಬೇಕು." ಅವರು ಹೇಳುವುದಷ್ಟೇ ಅಲ್ಲ, ಮಾಡಿ ತೋರಿಸಿದವರು. ಒಮ್ಮೆ ಅವರ ಬೀಗರ ಮನೆಯಲ್ಲಿ ಸಕ್ಕರೆಯೆಂದು ಉಪ್ಪು ಸುರಿದ ಪಾಯಸವನ್ನು ಕೇಳಿ ಎರಡನೆಯ ಸಲ ಬಡಿಸಿಕೊಂಡ ಶೂರರು.

ಯೋಹಾನನ ತಂದೆ ಲೆನ್ನಾರ್ಟ್, ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸಿ ನಿವೃತ್ತರಾದವರು. ತೆಂಗಿನ ಮರದಷ್ಟು ಎತ್ತರ, ತೆಂಗಿನ ಮರದಷ್ಟೇ ಮಾತು. ತಾಯಿ ಮೋನಿಕಾ ಏಲಕ್ಕಿ ಹಾಕಿದ ಬನ್ನು, ಕಾಫಿ ಇಟ್ಟರು. ಹವಾಮಾನದ ಕುರಿತು ಹೇಳಬೇಕಾದ್ದನ್ನೆಲ್ಲ ಹೇಳಿಯಾಯಿತು. ಬನ್ನು ಚೆನ್ನಾಗಿದೆ ಎಂದಾಯಿತು. ಮತ್ತೆ ಹವಾಮಾನ. ಕೊನೆಗೆ ಲೆನ್ನಾರ್ಟ್ ಕಾಫಿ ಬಟ್ಟಲು ಪಕ್ಕಕ್ಕಿಟ್ಟು, "ನನ್ನ ಬರ್ನರ್ ನೋಡುತ್ತೀರಾ?" ಎಂದರು.

ಹಿತ್ತಿಲಲ್ಲಿ, ಮನೆಯ ಗೋಡೆಯಿಂದ ಹೊರಬಂದ ಗ್ಯಾಸಿನ ನಲ್ಲಿಗೆ ಉದ್ದನೆಯ ಕೊಳವೆ, ಅದರ ತುದಿಗೆ ಮೂರು ಕಾಲಿನ ಕಬ್ಬಿಣದ ಬರ್ನರು. ಲೆನ್ನಾರ್ಟರು ಮನೆಯಲ್ಲೇ ಬಿಯರ್ ಕಾಯಿಸುವವರು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸಿ, ಸೋಸಿ, ಆ ಸಿಹಿ ಕಷಾಯವನ್ನು ದೊಡ್ಡ ಸ್ಟೀಲಿನ ಪಾತ್ರೆಯಲ್ಲಿ ಕುದಿಸಿ, ಕಹಿಗೆಂದು ಹಾಪ್ಸ್ ಎಂಬ ಹೂ ಹಾಕಿ, ಆರಿಸಿ, ಹುಳಿಯಲು ಬಿಡುವುದು. ಅವರು ತಿರುಪು ತಿರುಗಿಸಿ ಕಡ್ಡಿ ಗೀರಿದರು. ಭುಸ್ ಎಂದು ನೀಲಿ ಜ್ವಾಲೆ ಎದ್ದಿತು.

ಎಷ್ಟು ವರ್ಷವಾಗಿತ್ತು, ಬೆಂಕಿಯ ಮುಖ ನೋಡಿ! ನಾನು ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ. ಕೂತದ್ದೇ ಬಾಯಿ ಬಿಚ್ಚಿತು. ನನ್ನ ಹರಕುಮುರುಕು ಸ್ವೀಡಿಷಿನಲ್ಲಿ ಅಜ್ಜಿ, ಬಚ್ಚಲು, ಹಂಡೆ ಎಲ್ಲವನ್ನೂ ವರ್ಣಿಸಿದೆ. ನಾನು ಹೇಳಿದ್ದಕ್ಕೆ 'ನಮ್ಮ ತಾಮ್ರದ ಅಜ್ಜಿಯ ಕೆಳಗೆ ದಿನಾ ಬೆಂಕಿ ಹಾಕುತ್ತಿದ್ದೆವು' ಎಂಬ ಅರ್ಥ ಬರುತ್ತಿತ್ತೆಂದು ಮಗಳು ಆಮೇಲೆ ಹೇಳಿದಳು. ಲೆನ್ನಾರ್ಟ್ ಮಾತ್ರ ಗಂಭೀರವಾಗಿ ತಲೆಯಾಡಿಸುತ್ತಿದ್ದರು.

ಆಮೇಲೆ ಒಳಗಿನಿಂದ ಒಂದು ಬಾಟಲು ತಂದರು. ಅಲ್ಲೇ ಇದ್ದ ಯೋಹಾನನೂ ಸೇರಿ ಎಲ್ಲರಿಗೂ ಸುರಿದು, "ಇದು ಹೋದ ಸಲ ಕಾಯಿಸಿದ್ದು. ಇದರಲ್ಲಿ ಸ್ವಲ್ಪ..." ಎಂದು ಏನೋ ಹೇಳಲು ಹೊರಟರು. ಅಷ್ಟರಲ್ಲಿ ನಾನು ಗುಟುಕರಿಸಿಯಾಗಿತ್ತು.

ಬೆಂದ ಜೋಳ! ಎರಡು ಮಾತಿಲ್ಲ, ಅಜ್ಜಿಯ ಅಲ್ಯೂಮಿನಿಯಂ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ಒಂದು ಕಡೆ ನೆನಪು, ಇನ್ನೊಂದು ಕಡೆ ದೊಡ್ಡಪ್ಪನ ಪಾಠ. ಎರಡೂ ಸೇರಿದರೆ ಮನುಷ್ಯ ಏನು ತಾನೆ ಮಾಡಿಯಾನು? ಕಣ್ಣಲ್ಲಿ ನೀರು ತಂದುಕೊಂಡು, "ಬೀಗರೇ, ಅದ್ಭುತ! ಇಂಥ ಬಿಯರು ನಾನು ಜನ್ಮದಲ್ಲೇ ಕುಡಿದಿಲ್ಲ. ನನ್ನ ಬಾಲ್ಯ ಇದರಲ್ಲಿದೆ!" ಎಂದುಬಿಟ್ಟೆ. ಸಾಲದ್ದಕ್ಕೆ ಇನ್ನೊಂದು ಗ್ಲಾಸು ಕೇಳಿ ಹಾಕಿಸಿಕೊಂಡೆ. ಲೆನ್ನಾರ್ಟ್ ನನ್ನನ್ನೇ ಬಹಳ ಹೊತ್ತು ನೋಡಿದರು. ಅವರ ಕಿವಿ ಕೆಂಪಾಯಿತು. ಕೊನೆಗೆ ಎದ್ದು ನಿಂತು ನನ್ನ ಕೈ ಕುಲುಕಿ, "ಹಾಗಾದರೆ ಮದುವೆಗೆ ಬಿಯರು ನನ್ನದೇ. ಇದನ್ನೇ ಕಾಯಿಸುತ್ತೇನೆ" ಎಂದರು. ನಾನು ಸರೋಜಳತ್ತ ಹೆಮ್ಮೆಯಿಂದ ನೋಡಿದೆ. ಮೊದಲ ದಿನವೇ ಬೀಗರನ್ನು ಗೆದ್ದಿದ್ದೆ.

ಕಾರಿನ ಬಾಗಿಲು ಹಾಕಿದ್ದೇ ತಡ, ಚಿನ್ಮಯಿ ಸ್ಫೋಟಿಸಿದಳು.

"ಅಪ್ಪ, ನಿಜ ಹೇಳು. ನಿಂಗೆ ಅದು ಇಷ್ಟ ಆಯ್ತಾ?"

"ಜೋಳದ ಥರ ಇತ್ತಮ್ಮ."

"ಅದೇ ಪ್ರಾಬ್ಲಮ್ಮು! ಬಿಯರ್ ಜೋಳದ ಥರ ಇರಬಾರ್ದು! ಜೋರಾಗಿ ಕುದಿಸದೇ ಇದ್ರೆ ಆ ವಾಸನೆ ಆವೀಲಿ ಹೋಗದೆ ಒಳಗೇ ಕೂತ್ಕೊಳ್ಳುತ್ತಂತೆ. ಯೋಹಾನ್ ಒಂದು ಸಿಪ್ ಕುಡಿದು ಗಿಡಕ್ಕೆ ಸುರಿದ. ನೋಡ್ಲಿಲ್ವಾ?"

"ಮತ್ತೆ ಅವನೇ ಅಪ್ಪನಿಗೆ ಹೇಳೋದಲ್ವೇ?"

"ಹೇಳೋಕೆ ಬಾಯಿ ತೆಗೆದ. ಅಷ್ಟ್ರಲ್ಲಿ ನೀನು ಅಳ್ತಾ ಇದ್ದೆ! ಅಳ್ತಾ ಇರೋ ಮನುಷ್ಯನ ಮುಂದೆ ಬಿಯರ್ ಕೆಟ್ಟಿದೆ ಅಂತ ಯಾರು ಹೇಳ್ತಾರೆ?" ಅವಳ ದನಿ ಸಣ್ಣದಾಯಿತು. "ಅವ್ರ ಕಡೆ ಅಷ್ಟೂ ಜನ ಬರ್ತಾರೆ ಅಪ್ಪ. ಎಲ್ರೂ ಗ್ಲಾಸ್ ಮೂಸಿ ಸುಮ್ನೆ ಕೆಳಗಿಡ್ತಾರೆ. ಲೆನ್ನಾರ್ಟ್ ಒಂದು ಮೂಲೇಲಿ ನಿಂತು ಅದನ್ನ ನೋಡ್ತಾ ಇರ್ತಾರೆ. ನನ್ ಮದ್ವೇಲಿ."

ಮಾವನನ್ನು ಹೆಸರು ಹಿಡಿದು ಕರೆಯುವುದಕ್ಕೆ ಸರೋಜ ಎಂದಿನಂತೆ ಒಮ್ಮೆ ಬೆಚ್ಚಿಬಿದ್ದು, "ಹೋಗ್ಲಿ, ಫೋನ್ ಮಾಡಿ ನಿಜ ಹೇಳ್ಬಿಡಿ" ಎಂದಳು.

"ಬೀಗರಿಗೆ ಹಾಗೆಲ್ಲ ಹೇಳೋಕಾಗುತ್ತೇನೇ?"

"ಅಪ್ಪ, ಇಲ್ಲಿ ಗಂಡಿನ ಕಡೆ, ಹೆಣ್ಣಿನ ಕಡೆ ಅಂತೆಲ್ಲ ಇಲ್ಲ!"

"ಇಲ್ಲದೆ ಏನು? ನಾವಿದೀವಲ್ಲ!"

ಅವಳು ಸ್ವೀಡಿಷಿನಲ್ಲಿ ಏನೋ ಗೊಣಗಿದಳು. ಅರ್ಥ ಕೇಳಲಿಲ್ಲ. ಆದರೆ ಅವಳು ವರ್ಣಿಸಿದ ಆ ಮೂಲೆ ನನ್ನ ಕಣ್ಣಿಗೆ ಕಟ್ಟಿತು. ಅಷ್ಟು ಎತ್ತರದ ಮನುಷ್ಯ ಮರೆಯಲ್ಲಿ ನಿಲ್ಲಲೂ ಆಗುವುದಿಲ್ಲ.

ಬೀಗರ ಮುಖ ಉಳಿಯಬೇಕು, ಬಿಯರೂ ಉಳಿಯಬೇಕು. ಒಂದೇ ದಾರಿಯಿತ್ತು. ಕಷಾಯ ಕುದಿಯಬೇಕು, ಕೊತಕೊತ ಕುದಿಯಬೇಕು. ಆದರೆ ಮೊದಲ ಸಲ ಕುದಿದಿರಲಿಲ್ಲ ಎಂಬುದು ಬೀಗರಿಗೆ ನನ್ನಿಂದ ಗೊತ್ತಾಗಬಾರದು. ಅದೇನು ಮಹಾ ಎಂದುಕೊಂಡೆ. ಒಲೆ ಎಬ್ಬಿಸುವುದು ನಮ್ಮ ಮನೆತನದ ವಿದ್ಯೆ. "ಮದುವೆಯ ಬಿಯರು ಕಾಯಿಸುವ ದಿನ ನಾನೂ ಜೊತೆಗೆ ಕೂರುತ್ತೇನೆ, ನನಗೆ ಬೆಂಕಿ ನೋಡುವಾಸೆ" ಎಂದು ಲೆನ್ನಾರ್ಟರಿಗೆ ಹೇಳಿಸಿದೆ. ಅವರು ಸಂತೋಷದಿಂದ ಒಪ್ಪಿದರು.

ಏಪ್ರಿಲಿನ ಒಂದು ಶನಿವಾರ. ಬಿಸಿಲಿತ್ತು, ಆದರೆ ಸಮುದ್ರದ ಕಡೆಯಿಂದ ಹಲ್ಲು ಕಡಿಸುವ ಗಾಳಿ. ಅಂದು ಕಾಯಿಸಿದರೇನೇ ಮದುವೆಯ ಹೊತ್ತಿಗೆ ಬಿಯರು ಹದಕ್ಕೆ ಬರುವುದು. ಕೆಟ್ಟರೆ ಮತ್ತೆ ಕಾಯಿಸಲು ಸಮಯವಿರಲಿಲ್ಲ. ಸರೋಜ, ಚಿನ್ಮಯಿಯರ ಜೊತೆ ನಾನು ಹೋಗುವಷ್ಟರಲ್ಲಿ ಕಷಾಯ ಸೋಸಿ ಪಾತ್ರೆ ತುಂಬಿಸಿ ಆಗಿತ್ತು. ಆದರೆ ಬರ್ನರು ಇಟ್ಟ ಜಾಗವೇ ಸರಿಯಿರಲಿಲ್ಲ. ಹಿತ್ತಿಲಲ್ಲಿ ಗಾಳಿ ನೇರವಾಗಿ ಬಂದು ಬಡಿಯುವ ಮೂಲೆ ಒಂದಿದ್ದರೆ ಅದೇ. ಕಲ್ಲುಹಾಸಿನ ಮೇಲೆ ಸೀಮೆಸುಣ್ಣದ ಮೂರು ಗುರುತು ಹಾಕಿ, ಬರ್ನರಿನ ಮೂರು ಕಾಲನ್ನು ಅಲ್ಲೇ ಕೂರಿಸಿದ್ದರು. ಜ್ವಾಲೆಗೂ ಪಾತ್ರೆಗೂ ನಡುವೆ ಒಂದು ಗೇಣು ಅಂತರ. ಉರಿ ತಳ ನೆಕ್ಕುವುದಿರಲಿ, ದೂರದಿಂದ ನಮಸ್ಕಾರ ಮಾಡುತ್ತಿತ್ತು.

"ಬೀಗರೇ, ಇಲ್ಲಿ ಸ್ವಲ್ಪ ಗಾಳಿ ಅಲ್ಲವೇ?" ಎಂದೆ, ಆದಷ್ಟು ಮೆಲ್ಲಗೆ.

"ಹೌದು, ಒಳ್ಳೆಯ ಗಾಳಿ" ಎಂದರು ತೃಪ್ತಿಯಿಂದ.

"ಪಾತ್ರೆ ಕೊಂಚ ಎತ್ತರವಾಯಿತೋ ಏನೋ..."

"ಇಲ್ಲ, ಇಲ್ಲ. ಸರಿಯಾಗಿ ಅಷ್ಟೇ ಎತ್ತರವಿರಬೇಕು."

ಇಂಥವರಿಗೆ ಹೇಳುವುದು ಹೇಗೆ? ಗಾಳಿಯಿದ್ದರೆ ಇರಲಿ ಎಂದು ಕಾರಿನಲ್ಲಿ ಹಾಕಿಕೊಂಡು ಬಂದಿದ್ದ ನಮ್ಮ ಮನೆಯ ಓವನ್ನಿನ ತಟ್ಟೆಗಳನ್ನು ನಾನು ತಂದು, "ನನಗೆ ಚಳಿ" ಎಂದು ನೆಪ ಹೇಳಿ ಗಾಳಿ ಬರುವ ಕಡೆಗೆ ಮರೆಮಾಡಿ ನಿಲ್ಲಿಸಿದೆ. ಬರ್ನರಿನ ಪಕ್ಕ ತಟ್ಟೆ ನಿಲ್ಲಿಸಿದರೆ ನನ್ನ ಚಳಿ ಹೇಗೆ ನಿಲ್ಲುತ್ತದೆ ಎಂದು ಅವರು ಕೇಳಲಿಲ್ಲ, ಸಭ್ಯರು. ಗಾಳಿ ತಪ್ಪಿದ ಜ್ವಾಲೆ ನೆಟ್ಟಗೆ ನಿಂತಿತು. ಅವರು ಅತ್ತ ತಿರುಗಿದ ಕ್ಷಣದಲ್ಲಿ ತಿರುಪನ್ನೂ ಪೂರ್ತಿ ತಿರುಗಿಸಿದೆ. ಸದ್ದು ಏರಿತು. ಅಷ್ಟರಲ್ಲಿ ಮೋನಿಕಾ ಒಳಗಿನಿಂದ ಫೀಕಾಕ್ಕೆ ಕರೆದರು. ಫೀಕಾ ಎಂದರೆ ಕಾಫಿ, ಬನ್ನು, ಸ್ವಲ್ಪ ಮೌನ. ಅದನ್ನು ತಪ್ಪಿಸುವುದು ಇಲ್ಲಿ ಸಂಧ್ಯಾವಂದನೆ ತಪ್ಪಿಸಿದಂತೆ. ಲೆನ್ನಾರ್ಟ್, "ನೀವು ಹೋಗಿ, ನಾನು ಬಂದೆ" ಎಂದರು.

ಹಿಂತಿರುಗಿ ಬಂದಾಗ ಉರಿ ದೇವರ ದೀಪದಷ್ಟಾಗಿತ್ತು.

ನಾನು ಕಾರಣ ಹುಡುಕತೊಡಗಿದೆ. ಬೀದಿಯವರೆಲ್ಲ ಒಟ್ಟಿಗೆ ಅಡುಗೆಗಿಟ್ಟಿದ್ದಾರೆಯೇ? ಚಳಿಗೆ ಪೈಪಿನೊಳಗೆ ಗ್ಯಾಸು ಮುದುಡಿಕೊಂಡಿದೆಯೇ? ಇಪ್ಪತ್ತು ವರ್ಷದಿಂದ ಪ್ರಯೋಗಾಲಯದಲ್ಲಿ ದುಡಿಯುವವನ ತಲೆಯಲ್ಲಿ ಇಂಥ ಯೋಚನೆಗಳು! ಲೆನ್ನಾರ್ಟ್ ಸೌಟು ತೊಳೆಯಲು ಹೋದಾಗ ಮತ್ತೆ ತಿರುಪು ಏರಿಸಿದೆ. ನಾನು ಕೈ ತೊಳೆಯಲು ಹೋಗಿ ಬಂದಾಗ ಮತ್ತೆ ಇಳಿದಿತ್ತು. ಏರಿಸಿದೆ, ಇಳಿಯಿತು. ಪಾತ್ರೆಯ ಅಂಚಿನಲ್ಲಿ ಒಂದು ಗುಳ್ಳೆ ಎದ್ದು, ಜೊತೆಗೆ ಯಾರೂ ಇಲ್ಲವೆಂದು ನಾಚಿ ಒಡೆಯಿತು. "ಏಳೋ ಸೋಮಾರಿ" ಎಂದು ನಾನು ಬರ್ನರಿಗೆ ಪಿಸುಗುಟ್ಟಿದೆ. ಬರ್ನರಿಗೆ ಕನ್ನಡ ಬರುತ್ತಿರಲಿಲ್ಲ.

ಆಗ ಅಡುಗೆಮನೆಯ ಬಾಗಿಲಿನಿಂದ ಸರೋಜ ದಡದಡ ಬಂದಳು. ಅವಳೂ ಮೋನಿಕಾರೂ ಕಿಟಕಿಯ ಬಳಿ ಕೂತು ಕೈಸನ್ನೆಯಲ್ಲಿ ಮದುವೆಯ ಹೂವಿನ ವಿಷಯ ಮಾತಾಡುತ್ತಿದ್ದರು.

"ರೀ, ನಿಮ್ಮ ಬೀಗರೇ ಕಡಿಮೆ ಮಾಡ್ತಿದಾರೆ."

"ಛೆ! ಅವರ ಬಿಯರು, ಅವರ ಗ್ಯಾಸು. ಅವರು ಯಾಕೆ ಕಡಿಮೆ ಮಾಡ್ತಾರೆ?"

"ಕಣ್ಣಾರೆ ನೋಡ್ದೆ. ನೀವು ಆ ಕಡೆ ತಿರುಗಿದ ತಕ್ಷಣ ಆ ಉದ್ದ ಕೈ ಚಾಚಿ, ಬೆಕ್ಕು ಹಾಲಿಗೆ ಬಾಯಿ ಹಾಕೋ ಹಾಗೆ... ನೋಡಿ, ಈಗ್ಲೂ!"

ನಾನು ತಿರುಗಿದೆ. ಲೆನ್ನಾರ್ಟರ ಕೈ ತಿರುಪಿನ ಮೇಲಿತ್ತು. ಅವರ ಕಿವಿ ಕೆಂಪಾಗತೊಡಗಿತು. ನನ್ನದೂ ಆಗಿರಬೇಕು, ಆದರೆ ನಮ್ಮ ಬಣ್ಣಕ್ಕೆ ಅದು ಕಾಣುವುದಿಲ್ಲ, ಅಷ್ಟು ಅನುಕೂಲ.

"ಚಿನ್ಮಯೀ!" ಎಂದು ಕೂಗಿದೆ. ಇಂಥ ಹೊತ್ತಿಗೆ ನನ್ನ ಸ್ವೀಡಿಷ್ ಸಾಲುವುದಿಲ್ಲ.

ಮಗಳು ಬಂದಳು. ಲೆನ್ನಾರ್ಟ್ ಬಹಳ ಹೊತ್ತು ನೆಲ ನೋಡುತ್ತ ಮಾತಾಡಿದರು. ಅವರು ಅಷ್ಟು ವಾಕ್ಯಗಳನ್ನು ಒಟ್ಟಿಗೆ ಆಡಿದ್ದು ನಾನು ಕೇಳಿದ್ದು ಅದೇ ಮೊದಲು. ಚಿನ್ಮಯಿ ಕೇಳುತ್ತ ಕೇಳುತ್ತ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

"ಏನಂತೆ?"

"ಅಪ್ಪ... ಅವ್ರಿಗೆ ಗೊತ್ತಿತ್ತಂತೆ, ಆ ಬಿಯರ್ ಕೆಟ್ಟಿತ್ತು ಅಂತ. ಗಾಳಿ ಇತ್ತು, ಪಾತ್ರೆ ಎತ್ತರ ಆಗಿತ್ತು, ಕುದೀಲೇ ಇಲ್ಲ. ಅವತ್ತು ಅದನ್ನೇ ಹೇಳೋಕೆ ಹೊರಟಿದ್ರಂತೆ. ಆದ್ರೆ ನೀನು ನಿನ್ನ ಬಾಲ್ಯ ಇದರಲ್ಲಿದೆ ಅಂತ ಅತ್ತೆ. ಒಬ್ಬ ಮನುಷ್ಯ ಊರು ಬಿಟ್ಟು ಇಷ್ಟು ದೂರ ಬಂದು, ನನ್ನ ಹಿತ್ತಿಲಲ್ಲಿ ಅಜ್ಜಿ ಮನೆ ಸಿಕ್ತು ಅಂತಿದಾನೆ, ಅದಕ್ಕೇ ಮದುವೆಗೂ ಅದೇ ರುಚಿ ಬರ್ಲಿ ಅಂತ..." ಅವಳು ನಗುವೋ ಅಳುವೋ ತಿಳಿಯದಂತೆ ಕಲ್ಲುಹಾಸಿನ ಗುರುತು ತೋರಿಸಿದಳು. "ಅದೇ ಜಾಗ, ಅದೇ ಎತ್ತರ, ಅದೇ ಗಾಳಿ. ಗಾಳಿಗೋಸ್ಕರ ಹೋದ ಶನಿವಾರದಿಂದ ಕಾದಿದಾರಂತೆ. ಬೇರೆಯವರು ಕುಡೀದೇ ಇದ್ರೂ ಪರವಾಗಿಲ್ಲ, ಬೀಗ್ರು ಕುಡೀತಾರಲ್ಲ ಅಂದ್ರು."

ಆ 'ಬೀಗ್ರು' ಎಂಬ ಪದವನ್ನು ಲೆನ್ನಾರ್ಟ್ ಕನ್ನಡದಲ್ಲೇ ಹೇಳಿದ್ದರು, ಮಗಳಿಂದ ಕಲಿತಿದ್ದರಂತೆ.

ನನಗೆ ದೊಡ್ಡಪ್ಪನ ಮೇಲೆ ಜೀವಮಾನದಲ್ಲಿ ಮೊದಲ ಸಲ ಕೋಪ ಬಂತು. ಆ ಉಪ್ಪಿನ ಪಾಯಸದ ಬೀಗರು ಮುಂದಿನ ಸಲ ಏನು ಬಡಿಸಿದರು ಎಂದು ಅವರು ಯಾಕೆ ಹೇಳಿರಲಿಲ್ಲ?

ಸ್ವೀಡಿಷಿನಲ್ಲೇ, ತಪ್ಪಾದರೆ ತಪ್ಪಾಗಲಿ ಎಂದು ಹೇಳಿದೆ: "ಬೀಗರೇ, ಜೋಳ ನನಗೆ ಇಷ್ಟ. ಬಿಯರಿನಲ್ಲಿ ಇಷ್ಟವಿಲ್ಲ."

ಲೆನ್ನಾರ್ಟ್ ಉಸಿರನ್ನು ಒಳಕ್ಕೆಳೆದು 'ಹ್ಞೂ' ಎಂದರು. ಇಲ್ಲಿಯವರು ಒಪ್ಪಿಗೆಯನ್ನು ಉಸಿರು ಬಿಟ್ಟು ಹೇಳುವುದಿಲ್ಲ, ಎಳೆದುಕೊಂಡು ಹೇಳುತ್ತಾರೆ. ತಿರುಪಿನಿಂದ ಕೈ ತೆಗೆದು, "ನನಗೂ ಇಷ್ಟವಿಲ್ಲ" ಎಂದರು.

ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಸತ್ಯವೆಂಬುದು ನೆಗಡಿಯ ಹಾಗೆ, ಒಬ್ಬರಿಗೆ ಬಂದರೆ ಮನೆಗೆಲ್ಲ. ಬಾಗಿಲಲ್ಲಿ ನಿಂತಿದ್ದ ಮೋನಿಕಾ ಏಪ್ರನ್ನಿಗೆ ಕೈ ಒರೆಸಿಕೊಂಡು, ನಮ್ಮ ಮಗಳ ಕಡೆ ತಿರುಗಿ, "ಹೇಳುವ ದಿನವೇ ಆಗಿದ್ದರೆ, ಆ ಕಹಿ ಪದಾರ್ಥದ ವಿಷಯವೂ..." ಎಂದರು. ಮೊದಲ ದಿನ ನಾವು ಒಯ್ದ ಹಾಗಲಕಾಯಿ ಗೊಜ್ಜನ್ನು ಅವರಿಬ್ಬರೂ ಬಾಯಿತುಂಬ ಹೊಗಳಿದ್ದರು. ಅಂದಿನಿಂದ ಸರೋಜ ವಾರ ತಪ್ಪದೆ ಒಂದೊಂದು ಡಬ್ಬಿ ಮಗಳ ಕೈಲಿ ಕಳಿಸುತ್ತಿದ್ದಳು.

"ಡಬ್ಬಿ ಪ್ರತಿ ಸಲ ಖಾಲಿಯಾಗಿ, ತೊಳೆದು ವಾಪಸ್ ಬರ್ತಿತ್ತಲ್ರೀ!" ಎಂದಳು ಸರೋಜ ನನ್ನ ಕಡೆ ತಿರುಗಿ, ನಾನೇ ತಿಂದವನ ಹಾಗೆ.

"ಪಕ್ಕದ ಮನೆಯವ್ರಿಗೆ ಕೊಡ್ತಿದ್ರಂತೆ ಅಮ್ಮ" ಎಂದಳು ಚಿನ್ಮಯಿ.

"ಅವ್ರಿಗೆ ಇಷ್ಟ ಆಯ್ತಂತಾ?"

"ತುಂಬಾ ಚೆನ್ನಾಗಿದೆ ಅಂದ್ರಂತೆ."

ಸರೋಜ ಬೇಲಿಯಾಚೆಯ ಆ ಮನೆಯನ್ನು ಒಮ್ಮೆ ನೋಡಿದಳು. ನಾವೂ ನೋಡಿದೆವು. ಆ ಮನೆಯವರು ಅದನ್ನು ಯಾರಿಗೆ ಕೊಡುತ್ತಿದ್ದರೋ, ಅವರು ಎಷ್ಟು ಹೊಗಳಿದ್ದರೋ. ಮೊದಲು ನಕ್ಕವಳು ಸರೋಜಳೇ. ನಗುವುದಕ್ಕೆ ಅನುವಾದ ಬೇಕಾಗಲಿಲ್ಲ.

ಆಮೇಲೆ ನೋಡಬೇಕಿತ್ತು ಲೆನ್ನಾರ್ಟರ ಉತ್ಸಾಹ. ಕಟ್ಟಿ ಹಾಕಿದ್ದ ಕರುವನ್ನು ಬಿಚ್ಚಿದಂತಾಯಿತು. ಗ್ಯಾಸು ನಿಲ್ಲಿಸಿ, ಇಬ್ಬರೂ ಕೈಗೆ ದಪ್ಪ ಗವಸು ಹಾಕಿಕೊಂಡು ಪಾತ್ರೆ ಇಳಿಸಿ, ಬರ್ನರನ್ನು ಗ್ಯಾರೇಜಿನ ಕಲ್ಲುಗೋಡೆಯ ಮರೆಗೆ ತಂದೆವು. ಅವರು ಪಾತ್ರೆ ಕೂರುವ ಚೌಕಟ್ಟನ್ನು ನಾಲ್ಕು ಬೆರಳಿನಷ್ಟು ಅಂತರಕ್ಕೆ ಇಳಿಸಿ ತಿರುಪು ಬಿಗಿದರು. ನಾನು ಮುಚ್ಚಳ ಓರೆಮಾಡಿ ಮುಚ್ಚಿದೆ, ಕುದಿ ಹತ್ತುವವರೆಗೆ ಮಾತ್ರ. ಗಾಳಿಮರೆಗೆ ಓವನ್ನಿನ ತಟ್ಟೆ ಸಾಲದೆಂದು ಅವರು ದೊಡ್ಡ ತಗಡೊಂದನ್ನು ತಂದು ಬರ್ನರಿನ ಸುತ್ತ ಕೋಟೆಯಂತೆ ಸುತ್ತಿದರು. ನಾನೂ ಭೇಷ್ ಎಂದು ಸಂದಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿದೆ. ಮತ್ತೆ ಹೊತ್ತಿಸಿದ ಸ್ವಲ್ಪ ಹೊತ್ತಿಗೆ ನೀಲಿ ಜ್ವಾಲೆ ಹಳದಿಯಾಗಿ, ಕರಿ ಉಗುಳುತ್ತ ತೂಕಡಿಸತೊಡಗಿತು. ಒಲೆಯ ಬಾಯಿಗೆ ಮಟ್ಟೆ ತುರುಕಿದಾಗಲೆಲ್ಲ ಅಜ್ಜಿ ನನ್ನ ತಲೆಗೆ ಮೊಟಕುತ್ತಿದ್ದದ್ದು ಯಾಕೆಂದು ಆಗ ನೆನಪಾಯಿತು. ಬೆಂಕಿಗೂ ಮೂಗಿದೆ ಎನ್ನುತ್ತಿದ್ದಳು. ತಗಡನ್ನು ಕೆಳಗೆ ಒಂದು ಕಡೆ ತೆರೆದದ್ದೇ ತಡ, ಉರಿ ಒಮ್ಮೆ ನಿಟ್ಟುಸಿರಿಟ್ಟು, ನೀಲಿಯಾಗಿ, ಪಾತ್ರೆಯ ತಳವನ್ನು ನೆಕ್ಕತೊಡಗಿತು.

ಕುದಿ ಹತ್ತಿತು. ಮೊದಲು ಅಂಚಿನಲ್ಲಿ, ಆಮೇಲೆ ನಡುವೆ, ಆಮೇಲೆ ಪಾತ್ರೆಯ ಅಷ್ಟೂ ಕಷಾಯ ಬುಡಮೇಲಾಗುತ್ತ ಕೊತಕೊತ ಹೊರಳಿತು. ಮುಚ್ಚಳ ತೆಗೆದೆವು. ಹಬೆ ಗೋಪುರದಂತೆ ಎದ್ದು, ಗ್ಯಾರೇಜಿನ ಸೂರು ದಾಟಿದ್ದೇ ಗಾಳಿಗೆ ಸಿಕ್ಕಿ ಬೇಲಿಯತ್ತ ಹಾರಿತು. ಹಿತ್ತಿಲ ತುಂಬ ಬೆಂದ ಜೋಳದ ವಾಸನೆ. ನಾನು ಮೂಗರಳಿಸಿ ನಿಂತೆ. ಹೋಗಲಿ ಬಿಡು ಎಂದುಕೊಂಡೆ; ಜೋಳ ಗಾಳಿಯ ಪಾಲು, ಬಿಯರು ಮಗಳ ಪಾಲು. ಲೆನ್ನಾರ್ಟ್ ಒಂದು ಕ್ಷಣ ನನ್ನ ಮುಖ ನೋಡಿ, ಈ ಸಲ ಏನೂ ಕೇಳಲಿಲ್ಲ. ಸಣ್ಣ ಬಟ್ಟಲಿನಲ್ಲಿದ್ದ ಹಾಪ್ಸ್ ಹೂವನ್ನು ಪಾತ್ರೆಗೆ ಸುರಿದರು.

ಸುರಿದದ್ದೇ ತಡ, ನೊರೆ ಎದ್ದಿತು. ಬೆಕ್ಕು ಬೆನ್ನುಬ್ಬಿಸಿದ ಹಾಗೆ ಎದ್ದ ನೊರೆ, "ಏ ಏ ಏ!" ಎನ್ನುವಷ್ಟರಲ್ಲಿ ಅಂಚು ಮೀರಿ, ಪಾತ್ರೆಯ ಮೈಮೇಲೆ ಹರಿದು, ಬರ್ನರಿನ ಮೇಲೆ ಬಿದ್ದು ಚುಂಯ್ ಎಂದಿತು. ಲೆನ್ನಾರ್ಟ್ ನಲ್ಲಿಗೆ ಹಾರಿ ಗ್ಯಾಸು ನಿಲ್ಲಿಸಿದರು. ಮದುವೆಯ ಬಿಯರು ಕಲ್ಲುಹಾಸಿನ ಮೇಲೆ ಹೊಳೆಯಾಗಿ ಹೋಗುತ್ತಿತ್ತು. ಅವರು ಮಂಡಿಯೂರಿ ಕೂತು ಆ ಹೊಳೆಯನ್ನೇ ನೋಡುತ್ತಿದ್ದರು.

ಹಿಂದಿನಿಂದ ಸರೋಜಳ ದನಿ: "ಉಕ್ಕಿತು! ನೋಡ್ರೀ, ಸರಿಯಾಗಿ ಪೂರ್ವಕ್ಕೇ ಉಕ್ಕಿದೆ!" ಅವಳು ಆ ಸ್ಟೀಲಿನ ಪಾತ್ರೆಗೆ ಎರಡೂ ಕೈ ಜೋಡಿಸಿ, ಕಣ್ಣಿಗೊತ್ತಿಕೊಂಡಳು.

ಲೆನ್ನಾರ್ಟ್ ತಲೆಯೆತ್ತಿ, ಏನೆಂದು ಚಿನ್ಮಯಿಯನ್ನು ಕೇಳಿದರು. ಅವಳು ಹೇಳಿದಳು: ನಮ್ಮಲ್ಲಿ ಹೊಸ ಮನೆಗೆ ಹೋಗುವಾಗ ಹಾಲು ಕಾಯಿಸಿ ಬೇಕೆಂದೇ ಉಕ್ಕಿಸುತ್ತಾರೆ, ಉಕ್ಕಿದರೆ ಆ ಮನೆಗೆ ಯಾವುದಕ್ಕೂ ಕೊರತೆಯಿಲ್ಲ ಎಂದು ಅರ್ಥ, ಅಮ್ಮನಿಗೆ ಈಗ ಬಹಳ ಸಂತೋಷವಾಗಿದೆ ಎಂದು.

ಲೆನ್ನಾರ್ಟ್ ಎದ್ದರು. ಮಂಡಿ ಕೊಡವಿಕೊಂಡರು. ಸರೋಜಳ ಜೋಡಿಸಿದ ಕೈಗಳನ್ನು ನೋಡಿದರು, ಪಾತ್ರೆಯಲ್ಲಿ ಉಳಿದದ್ದನ್ನು ನೋಡಿದರು, ಬರ್ನರನ್ನು ಒರೆಸಿ ಮತ್ತೆ ಹೊತ್ತಿಸಿದರು. ತಿರುಪನ್ನು ಕೊನೆಯವರೆಗೂ ತಿರುಗಿಸಿ, ನೊರೆ ತಗ್ಗಿಸಲು ಹಿಡಿದಿದ್ದ ಸೌಟನ್ನು ಪಕ್ಕಕ್ಕಿಟ್ಟು, ಬಹಳ ಮರ್ಯಾದೆಯಿಂದ ಕೇಳಿದರು:

"ಎಷ್ಟು ಸಲ ಉಕ್ಕಬೇಕು?"

"ಒಂದೇ ಸಾಕು ಅನ್ನೇ, ಒಂದೇ ಸಾಕು ಅನ್ನು!" ಎಂದು ಸರೋಜ ಮಗಳ ತೋಳು ಹಿಡಿದು ಅಲುಗಿಸಿದಳು. ಮಗಳಿಗೆ ನಗು ತಡೆಯಲಾಗದೆ ಬಾಯಿಂದ ಒಂದು ಪದವೂ ಹೊರಡುತ್ತಿರಲಿಲ್ಲ. ನೊರೆ ಮತ್ತೆ ಅಂಚಿನತ್ತ ಏರುತ್ತಿತ್ತು. ನಾನು ಮುಂದೆ ನುಗ್ಗಿ, ಬೀಗರ ಮನೆಯ ಹಿತ್ತಿಲಲ್ಲಿ, ಬೀಗರ ಕಣ್ಣೆದುರಿಗೇ, ಬೀಗರ ಕೈಯನ್ನು ಪಕ್ಕಕ್ಕೆ ಸರಿಸಿ, ತಿರುಪನ್ನು ಅರ್ಧಕ್ಕಿಳಿಸಿದೆ.